ಮೊದಲನೆಯ ಪಂಕ್ತಿಯ ಮರ್ಯಾದೆ

ಬನಶಂಕರಿ ಎರಡನೆಯ ಹಂತದಲ್ಲಿ ವಾಸವಾಗಿರುವ ವಾಚಕರೊಬ್ಬರು ಬರೆದಿರುವ ಪತ್ರವು ಈ ತಿಂಗಳ ವಿಚಾರಕ್ಕೆ ಕಾರಣವಾಗಿದೆ. ಅವರ ಸೊಸೆಯು ಮನೆಯಲ್ಲಿಯೇ ಹುಳಿಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆಗಳನ್ನು ಸಿದ್ಧಪಡಿಸಿ ಮಾರುತ್ತಾರೆ; ಅದಕ್ಕಾಗಿ ಒಂದು ಜಾಲತಾಣವನ್ನೂ ಮಾಡಿಸಿಕೊಂಡಿದ್ದಾರೆ. ತಿಂದವರೆಲ್ಲರೂ ಪದಾರ್ಥವನ್ನು ಹೊಗಳುತ್ತಾರಂತೆ. ಆದರೆ ಗೂಗಲ್ಲಿನಲ್ಲಿ ಹುಡುಕುವವರ ಕಣ್ಣಿಗೆ ಮಾತ್ರ ಆ ತಾಣವು ಬೀಳುವುದೇ ಇಲ್ಲ. ಹೀಗಿರುವಲ್ಲಿ ದಲ್ಲಾಳಿಯೊಬ್ಬನು ಫೋನು ಮಾಡಿ, 25,000 ರೂಪಾಯಿ ಕೊಟ್ಟರೆ ಎರಡು ತಿಂಗಳೊಳಗಾಗಿ ತಾಣದ ‘ಅಥಾರಿಟಿ’ಯನ್ನು 40ಕ್ಕೆ ಏರಿಸಿ ಮೊದಲನೆಯ ಪುಟದಲ್ಲಿ ನಿಲ್ಲಿಸುವೆನೆಂದು ಮಾತು ಕೊಟ್ಟಿದ್ದಾನೆ. ಅಷ್ಟು ಹಣವೆಂದರೆ ಆಕೆಯ ಅರ್ಧ ವರ್ಷದ ಉಳಿತಾಯ. ಕೊಡಬಹುದೇ, ಕೂಡದೇ ಎಂಬುದು ಪತ್ರದ ಮೊದಲನೆಯ ಪ್ರಶ್ನೆ. ಎರಡನೆಯದು ಬೇರೆ ಬಗೆಯದು. ಅವರ ಬಂಧುಗಳೊಬ್ಬರು ತಮ್ಮ ಸ್ಕೂಟರಿನ ಹೊಸ ನಂಬರ್ ಪ್ಲೇಟಿಗಾಗಿ ಯಾವುದೋ ಸುಳ್ಳು ತಾಣಕ್ಕೆ ಹಣ ಕಟ್ಟಿ ಕಳೆದುಕೊಂಡರು. ‘ಅದು ಎಲ್ಲಕ್ಕಿಂತ ಮೇಲೆ ಬಂದಿತ್ತು, ಆದ್ದರಿಂದ ನಂಬಿದೆ’ ಎಂಬುದು ಅವರ ಅಳಲು.

ಎರಡು ಪ್ರಶ್ನೆಗಳಿಗೂ ಬೇರು ಒಂದೇ. ಮೇಲಿನ ಸಾಲಿನಲ್ಲಿ ಕುಳಿತವರೆಲ್ಲರೂ ಮರ್ಯಾದಸ್ಥರೆಂದು ನಾವು ಭಾವಿಸುತ್ತೇವೆ. ಅಲ್ಲಿ ಕುಳಿತುಕೊಳ್ಳುವುದಕ್ಕೆ ಹಣವೊಂದಿದ್ದರೆ ಸಾಕೆಂದೂ ಭಾವಿಸುತ್ತೇವೆ. ಎರಡೂ ಪೂರ್ತಿ ನಿಜವಲ್ಲ. ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಈಗಲೇ ಹೇಳಿಬಿಡುತ್ತೇವೆ: ಕೊಡಕೂಡದು. ಕಾರಣವನ್ನು ತಿಳಿಯಬೇಕಾದರೆ ಮಾತ್ರ ವಾಚಕರು ಸ್ವಲ್ಪ ಸಾವಧಾನವಾಗಿ ನಮ್ಮೊಡನೆ ಬರಬೇಕಾಗುತ್ತದೆ.

ಗೂಗಲ್ ಎಂಬ ಶೋಧಯಂತ್ರವು ಸಂಸ್ಥೆಯಾಗಿ ಹುಟ್ಟಿದ್ದು 1998ರಲ್ಲಿ. ಅದಕ್ಕೆ ಮೊದಲು ಇದ್ದ ಯಂತ್ರಗಳು ಬಹುಮಟ್ಟಿಗೆ ಪುಟದೊಳಗಿನ ಮಾತುಗಳನ್ನೇ ಎಣಿಸುತ್ತಿದ್ದವು. ಉಪ್ಪಿನಕಾಯಿ ಎಂದು ನೂರು ಸಲ ಬರೆದವನೇ ಉಪ್ಪಿನಕಾಯಿಯ ದೊಡ್ಡ ವ್ಯಾಪಾರಿ ಎಂದು ಅವು ತಿಳಿಯುವ ಸಂಭವವಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬ ಇಬ್ಬರು ತರುಣರು ಈ ಕ್ರಮವನ್ನು ತಿರುಗಿಸಿದರು. ಒಂದು ಪುಟದ ಯೋಗ್ಯತೆಯನ್ನು ಆ ಪುಟದ ಬಾಯಿಂದಲೇ ಕೇಳುವುದೇಕೆ? ಮಿಕ್ಕ ಪುಟಗಳು ಅದರ ಕಡೆಗೆ ಎಷ್ಟು ಕೊಂಡಿಗಳನ್ನು ಹಾಕಿವೆ, ಹಾಕಿದವರು ಎಂಥವರು ಎಂಬುದನ್ನು ನೋಡಿದರಾಯಿತು ಎಂದು ಅವರು ನಿಶ್ಚಯಿಸಿದರು. ಇದು ತೀರ ಹೊಸ ಯೋಚನೆಯೇನೂ ಅಲ್ಲ. ಯಾವ ವಿಜ್ಞಾನ ಲೇಖನವನ್ನು ಬೇರೆ ಯಾರು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ಸೂಚಿಯನ್ನು ಯೂಜೀನ್ ಗಾರ್ಫೀಲ್ಡ್ ಎಂಬಾತನು 1964ರಲ್ಲಿಯೇ ಪ್ರಕಟಿಸಿದ್ದನು. ಆ ವಿದ್ವತ್ಸಭೆಯ ಪದ್ಧತಿಯು ಇಲ್ಲಿ ಸಂತೆಗೆ ಇಳಿಯಿತು, ಅಷ್ಟೆ. ಈ ಎಣಿಕೆಗೆ ‘ಪೇಜ್‌ರ್ಯಾಂಕ್’ ಎಂದು ಹೆಸರಾಯಿತು. ಅದರಲ್ಲಿ ಪುಟವೂ ಉಂಟು, ಪೇಜ್ ಮಹಾಶಯನ ಹೆಸರೂ ಉಂಟು.

ನಮ್ಮ ಮನೆಗಳಲ್ಲಿ ಹೆಣ್ಣಿಗೆ ಗಂಡು ನೋಡುವಾಗ ನಡೆಯುವುದೂ ಇದೇ ಅಲ್ಲವೆ? ಹುಡುಗನ ಗುಣವನ್ನು ಹುಡುಗನ ತಂದೆಯಿಂದ ಕೇಳಿ ಯಾರೂ ತೃಪ್ತರಾಗುವುದಿಲ್ಲ. ಆ ಊರಿನ ಪರಿಚಯಸ್ಥರನ್ನು ವಿಚಾರಿಸುತ್ತಾರೆ. ಹತ್ತು ಮಂದಿ ಅಪರಿಚಿತರ ಹೊಗಳಿಕೆಗಿಂತ ಆ ಬೀದಿಯ ಹಳೆಯ ಮೇಷ್ಟರ ಒಂದು ಮಾತಿಗೆ ತೂಕ ಹೆಚ್ಚು. ಅದೇ ಮೇಷ್ಟರು ಕೇಳಿದವರಿಗೆಲ್ಲ, ಊರಿನ ಹುಡುಗರೆಲ್ಲರನ್ನೂ ಒಳ್ಳೆಯವರೆಂದು ಹೇಳುವ ಸ್ವಭಾವದವರಾದರೆ ಆ ಮಾತಿನ ಬೆಲೆ ಇಳಿಯುತ್ತದೆ. ಪೇಜ್‌ರ್ಯಾಂಕಿನ ಗಣಿತವೂ ಅಕ್ಷರಶಃ ಹೀಗೆಯೇ ಇದೆ. ಗಣ್ಯವಾದ ಪುಟದ ಕೊಂಡಿಗೆ ಬೆಲೆ ಹೆಚ್ಚು. ಆದರೆ ಆ ಪುಟವು ನೂರು ಕಡೆಗೆ ಕೊಂಡಿ ಹಾಕಿದ್ದರೆ ಅದರ ಗಣ್ಯತೆಯು ನೂರು ಪಾಲಾಗಿ ಹಂಚಿಹೋಗುತ್ತದೆ.

ಯಾವ ಸಾಕ್ಷಿಗೆ ಬೆಲೆಯುಂಟೋ ಆ ಸಾಕ್ಷಿಯು ಮಾರಾಟಕ್ಕೆ ಬರುವುದು ಲೋಕದ ರೀತಿ. ಕೊಂಡಿಗಳನ್ನು ಮಾರುವ ವ್ಯಾಪಾರವೇ ಒಂದು ಹುಟ್ಟಿತು. ಯಾರೂ ಓದದ ಸಾವಿರಾರು ಪುಟಗಳನ್ನು ನಿರ್ಮಿಸಿ, ಹಣ ಕೊಟ್ಟವರ ತಾಣಕ್ಕೆ ಅವುಗಳಿಂದ ಕೊಂಡಿ ಹಾಕುವುದೇ ಆ ಕಸುಬು. ಇದನ್ನು ತಡೆಯುವುದಕ್ಕಾಗಿ ಗೂಗಲ್ಲಿನವರು 2012ರ ಏಪ್ರಿಲಿನಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನ ತಿದ್ದುಪಡಿಯನ್ನು ತಂದರು. ಕೊಂಡ ಸಾಕ್ಷಿಗಳನ್ನು ನೆಚ್ಚಿ ಮೇಲಕ್ಕೆ ಹೋಗಿದ್ದ ಅನೇಕ ತಾಣಗಳು ಒಮ್ಮೆಗೇ ಕೆಳಕ್ಕೆ ಬಿದ್ದವು. 2024ರ ಮಾರ್ಚಿನಲ್ಲಿ ಇನ್ನೂ ಕೆಲವು ನಿಷೇಧಗಳು ಸೇರಿದವು. ಅವುಗಳಲ್ಲಿ ಒಂದನ್ನು ನಮ್ಮ ವಾಚಕರು ಕೂಡಲೇ ಗ್ರಹಿಸಬಲ್ಲರು. ಐವತ್ತು ವರ್ಷ ನಡೆದ ಒಂದು ಕಾಫಿಪುಡಿಯ ಅಂಗಡಿಯು ಮುಚ್ಚಿತೆನ್ನಿ. ಅದರ ಬೋರ್ಡನ್ನು ಮಾತ್ರ ಕೊಂಡು, ಒಳಗೆ ಬೇರೇನನ್ನೋ ಮಾರುವವನು ಹಳೆಯ ಹೆಸರಿನ ಗಿರಾಕಿಯನ್ನು ಮೋಸಮಾಡುತ್ತಾನಷ್ಟೆ. ಹಾಗೆಯೇ ಅವಧಿ ಮುಗಿದುಹೋದ ಹಳೆಯ ತಾಣದ ಹೆಸರನ್ನು ಕೊಂಡು, ಅದರ ಪೂರ್ವಾರ್ಜಿತ ಕೀರ್ತಿಯ ಮೇಲೆ ಸಂಬಂಧವಿಲ್ಲದ ಕಸವನ್ನು ತುಂಬುವವರಿದ್ದಾರೆ. ಈ ಕ್ರಮವನ್ನು ಈಗ ದುರುಪಯೋಗವೆಂದೇ ಸ್ಪಷ್ಟವಾಗಿ ಹೆಸರಿಸಲಾಗಿದೆ. ಓದುವವರಿಗೆ ಯಾವ ಪ್ರಯೋಜನವೂ ಇಲ್ಲದಂತೆ ರಾಶಿ ರಾಶಿಯಾಗಿ ಪುಟಗಳನ್ನು ಉತ್ಪಾದನೆ ಮಾಡುವುದಕ್ಕೂ, ಯಂತ್ರದಿಂದ ಮಾಡಿದರೂ ಕೈಯಿಂದ ಮಾಡಿದರೂ, ಅದೇ ಗತಿ.

ಇನ್ನು ದಲ್ಲಾಳಿಯು ಹೇಳಿದ ‘ಅಥಾರಿಟಿ 40’ ಎಂಬುದೇನು? ‘ಡೊಮೈನ್ ಅಥಾರಿಟಿ’ ಎಂಬುದು ಮಾಜ್ ಎಂಬ ಅಮೆರಿಕದ ಖಾಸಗಿ ಕಂಪನಿಯು ತನ್ನ ಲೆಕ್ಕಾಚಾರದಿಂದ ತಾಣಗಳಿಗೆ ಕೊಡುವ ಅಂಕ. ಅದು 1ರಿಂದ 100ರ ವರೆಗೆ ಇರುತ್ತದೆ. ಮೇಲೆ ಹೋದಂತೆಲ್ಲ ಒಂದೊಂದು ಅಂಕವನ್ನು ಗಳಿಸುವುದೂ ಕಷ್ಟವಾಗುತ್ತದೆ. ಇಂಥದೇ ಅಂಕಗಳನ್ನು ಏರೆಫ್ಸ್ ಮೊದಲಾದ ಬೇರೆ ಕಂಪನಿಗಳೂ ಕೊಡುತ್ತವೆ. ಒಂದು ತಾಣವನ್ನು ಇನ್ನೊಂದರೊಡನೆ ಹೋಲಿಸಿ ನೋಡುವುದಕ್ಕೆ ಇವು ಅಷ್ಟಿಷ್ಟು ಉಪಯುಕ್ತವೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಗೂಗಲ್ಲಿಗೂ ಈ ಅಂಕಕ್ಕೂ ಸಂಬಂಧವಿಲ್ಲ. ತಾನು ಅದನ್ನು ಉಪಯೋಗಿಸುವುದಿಲ್ಲವೆಂದು ಗೂಗಲ್ಲೇ ತಿಳಿಸಿದೆ. ತನ್ನ ಪೇಜ್‌ರ್ಯಾಂಕಿನ ಅಂಕವನ್ನು ಜನರಿಗೆ ತೋರಿಸುವ ಪದ್ಧತಿಯನ್ನೂ ಅದು 2016ರಲ್ಲಿ ನಿಲ್ಲಿಸಿಬಿಟ್ಟಿತು. ಆದಕಾರಣ ದಲ್ಲಾಳಿಯು ಕಸದ ಕೊಂಡಿಗಳನ್ನು ರಾಶಿ ಹಾಕಿ ಹೊರಗಿನ ಅಂಕವನ್ನು 40ಕ್ಕೆ ಏರಿಸಿಯೂ ತೋರಿಸಬಹುದು; ಆಗಲೂ ಸೊಸೆಯವರ ಹುಳಿಪುಡಿಗೆ ಒಬ್ಬ ಗಿರಾಕಿಯೂ ಹೆಚ್ಚದೆ ಇರಬಹುದು. ಆತನು ಒಪ್ಪಂದವನ್ನು ನಡೆಸಿದಂತೆಯೂ ಆಯಿತು, ಮನೆಯ ಹಣವು ಹೋದಂತೆಯೂ ಆಯಿತು! ಮೇಲಾಗಿ ಆ ಕೊಂಡಿಗಳು ಯಂತ್ರದ ಕಣ್ಣಿಗೆ ಬಿದ್ದರೆ, ಇಂದು ಹಿಂದಿನ ಸಾಲಿನಲ್ಲಾದರೂ ಇರುವ ತಾಣಕ್ಕೆ ನಾಳೆ ಪಂಕ್ತಿಯಲ್ಲಿ ಎಲೆಯೇ ಇಲ್ಲದಂತಾಗಬಹುದು.

ಹಾಗಾದರೆ ಗೂಗಲ್ಲು ನಿಜವಾಗಿ ನೋಡುವುದೇನನ್ನು? ಅದರ ಲೆಕ್ಕಾಚಾರದ ಪೂರ್ಣ ವಿವರವು ಬಹಿರಂಗವಾಗಿಲ್ಲ. ಆದರೆ ಫಲಿತಾಂಶಗಳ ಗುಣವನ್ನು ಪರೀಕ್ಷಿಸುವುದಕ್ಕೆ ಅದು ನೇಮಿಸಿಕೊಂಡಿರುವ ಪರೀಕ್ಷಕರಿಗೆ ಕೊಡುವ ಮಾರ್ಗದರ್ಶಿಯು ಮುದ್ರಿತವಾಗಿದ್ದು, ಯಾರು ಬೇಕಾದರೂ ಓದಬಹುದಾಗಿದೆ. ಪರಿಣತಿ, ಪ್ರಾಮಾಣ್ಯ, ವಿಶ್ವಾಸಾರ್ಹತೆ ಎಂಬ ಮೂರು ಗುಣಗಳು ಅದರಲ್ಲಿ ಮೊದಲಿನಿಂದ ಇದ್ದವು. 2022ರ ಡಿಸೆಂಬರಿನಲ್ಲಿ ಸ್ವಾನುಭವವೆಂಬ ನಾಲ್ಕನೆಯದು ಸೇರಿತು. ಈ ನಾಲ್ಕರಲ್ಲಿ ವಿಶ್ವಾಸಾರ್ಹತೆಯೇ ಮುಖ್ಯವೆಂದೂ, ಅದಿಲ್ಲದಿದ್ದರೆ ಮಿಕ್ಕವು ಇದ್ದರೂ ಫಲವಿಲ್ಲವೆಂದೂ ಅಲ್ಲಿ ಹೇಳಿದೆ. ಹಣ, ಆರೋಗ್ಯ ಮೊದಲಾದ, ತಪ್ಪಿದರೆ ಬಾಳಿಗೆ ಕೇಡು ತರುವ ವಿಷಯಗಳಲ್ಲಿ ಪರೀಕ್ಷೆಯು ಇನ್ನೂ ಕಟ್ಟುನಿಟ್ಟಾಗಿರಬೇಕೆಂದು ವಿಧಿಸಿದೆ. ನಮ್ಮ ನೈಯಾಯಿಕರು ಶಬ್ದಪ್ರಮಾಣವನ್ನು ವಿಚಾರಿಸುವಾಗ, ಮಾತು ಪ್ರಮಾಣವಾಗಬೇಕಾದರೆ ಆಡುವವನು ಆಪ್ತನಾಗಿರಬೇಕೆಂದು ಬಹು ಹಿಂದೆಯೇ ನಿರ್ಣಯಿಸಿದ್ದರು. ವಸ್ತುವನ್ನು ತಾನು ಕಂಡಿರಬೇಕು, ಕಂಡದ್ದನ್ನು ಇದ್ದಂತೆ ಹೇಳಬೇಕೆಂಬ ಇಚ್ಛೆಯೂ ಇರಬೇಕು. ಕ್ಯಾಲಿಫೋರ್ನಿಯಾದವರು ಸುತ್ತಿ ಬಳಸಿ ಅಲ್ಲಿಗೇ ಬಂದರೆಂಬುದು ನಮಗೆ ಸ್ವಲ್ಪ ವಿನೋದವಾಗಿ ಕಾಣುತ್ತದೆ. ಒಂದು ಎಚ್ಚರಿಕೆ ಮಾತ್ರ ಅವಶ್ಯಕ: ಪರೀಕ್ಷಕರು ಕೊಡುವ ಅಭಿಪ್ರಾಯವು ಯಾವ ತಾಣವನ್ನೂ ನೇರವಾಗಿ ಏರಿಸುವುದಿಲ್ಲ, ಇಳಿಸುವುದೂ ಇಲ್ಲ, ಯಂತ್ರವು ಸರಿಯಾಗಿ ಕೆಲಸಮಾಡುತ್ತಿದೆಯೇ ಎಂದು ನೋಡುವುದಕ್ಕೆ ಮಾತ್ರ ಅದು ಸಲ್ಲುತ್ತದೆ. ‘ನಿಮ್ಮ ತಾಣಕ್ಕೆ ಈ ನಾಲ್ಕು ಗುಣಗಳ ಅಂಕ ಕೊಡಿಸುತ್ತೇನೆ’ ಎಂದು ಬರುವವನನ್ನೂ ಬಾಗಿಲಿನಿಂದಲೇ ಕಳುಹಿಸಬಹುದು.

ದೂರದ ನಿದರ್ಶನವು ಬೇಡ. ದಕ್ಷಿಣ ಬೆಂಗಳೂರಿನದೇ ಒಂದಿದೆ. ಷೇರು ದಲ್ಲಾಳಿ ಸಂಸ್ಥೆಯಾದ ಜೆರೋಧಾ 2010ರಲ್ಲಿ ಆರಂಭವಾಯಿತು; ಅದರ ಕಛೇರಿಯು ಜೆ.ಪಿ. ನಗರ ನಾಲ್ಕನೆಯ ಹಂತದಲ್ಲಿದೆ. ಷೇರಿನ ವ್ಯವಹಾರಕ್ಕೆ ಇಳಿಯಿರೆಂದು ಗೃಹಸ್ಥರಿಗೆ ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಈ ಸಂಸ್ಥೆಯು ‘ವಾರ್ಸಿಟಿ’ ಎಂಬ ಪಾಠಮಾಲೆಯನ್ನು ಯಾರಿಗೂ ಶುಲ್ಕವಿಲ್ಲದೆ ಓದುವುದಕ್ಕೆ ಇಟ್ಟಿದೆ; ಷೇರು, ಸಾಲಪತ್ರ, ತೆರಿಗೆ ಮುಂತಾದವನ್ನು ಆ ಪಾಠಗಳು ಮೊದಲಿನಿಂದ ವಿವರಿಸುತ್ತವೆ. ಉಪಯೋಗ ಕಂಡವರು ತಾವಾಗಿಯೇ ಅದರ ಕಡೆಗೆ ಕೊಂಡಿ ಹಾಕುತ್ತಾರೆ. ತಾಣದ ಅಡಿಯಲ್ಲಿ ಕಛೇರಿಯ ವಿಳಾಸವೂ, ಸೆಬಿಯವರು ಕೊಟ್ಟ ನೋಂದಣಿ ಸಂಖ್ಯೆಯೂ ಅಚ್ಚಾಗಿವೆ. ಆ ಸಂಖ್ಯೆಯನ್ನು ಸೆಬಿಯ ಸ್ವಂತ ತಾಣದ ಪಟ್ಟಿಯಲ್ಲಿ ತಾಳೆ ನೋಡಬಹುದು. ಇದೇ ಸಂಸ್ಥೆಯ ತಾಂತ್ರಿಕ ಮುಖ್ಯಸ್ಥರಾದ ಕೈಲಾಶ್ ನಾಧ್ ಅವರ ಸಹಾಯದಿಂದ 2019ರಲ್ಲಿ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಅಂತರ್ಜಾಲಕ್ಕೆ ಬಂದಿತು. ವಿ. ಕೃಷ್ಣ ಎಂಬವರು ದಶಕಗಳ ಕಾಲ ಏಕಾಕಿಯಾಗಿ ಸಂಗ್ರಹಿಸಿದ ಒಂದೂವರೆ ಲಕ್ಷಕ್ಕೂ ಮಿಕ್ಕ ಶಬ್ದಗಳು ಅದರಲ್ಲಿವೆ. ಮಾಡಿದವರು ಯಾರು, ಹೇಗೆ ಮಾಡಿದರು, ಯಾವ ಷರತ್ತಿನ ಮೇಲೆ ಉಪಯೋಗಿಸಬಹುದು ಎಂಬುದೆಲ್ಲವೂ ಅಲ್ಲಿಯೇ ಬರೆದಿದೆ. ಕನ್ನಡ ಶಬ್ದದ ಅರ್ಥವನ್ನು ಹುಡುಕುವವರು ಅಲ್ಲಿಗೆ ಹೋಗುತ್ತಾರೆಂದರೆ, ಅದು ಕೊಂಡ ಕೊಂಡಿಗಳ ಬಲದಿಂದಲ್ಲ.

ಹುಳಿಪುಡಿಯ ತಾಣಕ್ಕೆ ಇಷ್ಟು ದೊಡ್ಡ ಉದಾಹರಣೆಯು ಹೊಂದುವುದೇ ಎಂದು ಕೇಳಬಹುದು. ಹೊಂದುತ್ತದೆ. ಪತ್ರ ಬರೆದವರು ತಮ್ಮ ಸೊಸೆಯ ತಾಣದ ಹೆಸರನ್ನೂ ತಿಳಿಸಿದ್ದರಾದ್ದರಿಂದ ನಾವು ಅದನ್ನು ತೆರೆದು ನೋಡಿದೆವು. ‘ಮನೆಯ ರುಚಿ, ಶುದ್ಧ ಪದಾರ್ಥ, ಉತ್ತಮ ಗುಣಮಟ್ಟ’ ಎಂದು ದೊಡ್ಡ ಅಕ್ಷರಗಳಲ್ಲಿದೆ. ಯಾರ ಮನೆ? ಯಾವ ಬೀದಿ? ಮಾಡುವವರು ಯಾರು? ಅದಾವುದೂ ಇಲ್ಲ. ಆಹಾರವನ್ನು ಮಾರುವವರು, ಮನೆಯಲ್ಲಿ ಮಾಡಿ ಮಾರುವವರೂ ಸಹ, ಎಫ್.ಎಸ್.ಎಸ್.ಎ.ಐ. ಎಂಬ ಆಹಾರ ಸುರಕ್ಷಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳತಕ್ಕದ್ದು. ಅವರು ಕೊಡುವ 14 ಅಂಕಿಗಳ ಸಂಖ್ಯೆಯು ಪೊಟ್ಟಣದ ಮೇಲಿದ್ದರೂ ತಾಣದಲ್ಲಿ ಕಾಣಲಿಲ್ಲ. ಕೊಳ್ಳುವವರು ಸ್ವತಃ ತಾಳೆ ನೋಡಬಹುದಾದ ಇಂಥ ಒಂದು ಸಂಖ್ಯೆಗೆ ಹತ್ತು ವಿಶೇಷಣಗಳಿಗಿಂತ ಬೆಲೆ ಹೆಚ್ಚು. ಇನ್ನು ಸ್ವಾನುಭವದ ಮಾತು. ಅರಳು ಸಂಡಿಗೆಗೆ ಎಷ್ಟು ದಿನದ ಬಿಸಿಲು ಬೇಕು, ಬೆಂಗಳೂರಿನ ಮೋಡದ ದಿನಗಳಲ್ಲಿ ಏನು ಮಾಡುತ್ತೀರಿ, ಹುಳಿಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಎಷ್ಟು, ಗುಂಟೂರಿನದು ಎಷ್ಟು, ಡಬ್ಬಿಯಲ್ಲಿ ಎಷ್ಟು ತಿಂಗಳು ಕೆಡದೆ ಇರುತ್ತದೆ – ಇವನ್ನು ಆ ತಾಯಿಯು ಬಲ್ಲಳು, ದಲ್ಲಾಳಿಯು ಅರಿಯನು. ಅದನ್ನೇ ತಿಳಿಗನ್ನಡದಲ್ಲಿ ಬರೆದು, ತಮ್ಮ ಅಡಿಗೆಮನೆಯ ನಿಜವಾದ ಚಿತ್ರಗಳೊಡನೆ ಪ್ರಕಟಿಸಲಿ. ಬೇರೆ ಊರಿನ ಹಪ್ಪಳದ ಚಿತ್ರವನ್ನು ತಂದು ಅಂಟಿಸುವುದು ಬೇಡ.

ಸಮೀಪದ ಗಿರಾಕಿಗಳಿಗಾಗಿ ಗೂಗಲ್ಲಿನ ನಕ್ಷೆಯಲ್ಲಿ ವ್ಯಾಪಾರದ ವಿವರವನ್ನು ಹಣವಿಲ್ಲದೆ ದಾಖಲುಮಾಡಬಹುದು. ಅಲ್ಲಿ ಮೇಲು ಕೆಳಗನ್ನು ನಿರ್ಣಯಿಸುವುದು ಮುಖ್ಯವಾಗಿ ಮೂರು ಸಂಗತಿಗಳು: ಕೇಳಿದ್ದಕ್ಕೂ ನಿಮ್ಮಲ್ಲಿರುವುದಕ್ಕೂ ಹೊಂದಿಕೆ, ದೂರ, ಖ್ಯಾತಿ. ದೂರದ ವಿಷಯದಲ್ಲಿ ಬನಶಂಕರಿಯವರು ಬನಶಂಕರಿಯವರಿಗೆ ಎಂದಿಗೂ ಅನುಕೂಲರೇ; ಬಿ.ಟಿ.ಎಂ. ಬಡಾವಣೆಯ ದೊಡ್ಡ ವ್ಯಾಪಾರಿಯು ಅದನ್ನು ಹಣದಿಂದ ಕೊಳ್ಳಲಾರನು. ಖ್ಯಾತಿಗೆ ಗಿರಾಕಿಗಳ ಅಭಿಪ್ರಾಯಗಳು ಬೇಕು. ಪದಾರ್ಥವನ್ನು ಕೊಂಡವರನ್ನು ‘ನಾಲ್ಕು ಮಾತು ಬರೆಯಿರಿ’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬಂಧುಮಿತ್ರರಿಂದ ಸುಳ್ಳು ಬರೆಯಿಸುವುದು, ಹಣ ಕೊಟ್ಟು ಹೊಗಳಿಸುವುದು ಕೂಡದು. ಹೀಗೆ ಅಂತರ್ಜಾಲದಲ್ಲಿ ಬರುವ ಗಿರಾಕಿಗಳ ಅಭಿಪ್ರಾಯಗಳು ಹೇಗಿರಬೇಕೆಂಬುದಕ್ಕೆ ಭಾರತೀಯ ಮಾನಕ ಸಂಸ್ಥೆಯು 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಒಂದು ಮಾನಕವನ್ನೇ ಹೊರಡಿಸಿದೆ. ತಾಣವು ಮೊಬೈಲಿನಲ್ಲಿ ಬೇಗ ತೆರೆಯುವಂತಿರಬೇಕು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಫಲವು ಎರಡು ತಿಂಗಳಲ್ಲಿ ಕಾಣದೆ ಇರಬಹುದು, ವರ್ಷವೂ ಹಿಡಿದೀತು.

ಈಗ ಎರಡನೆಯ ಪ್ರಶ್ನೆ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಅತಿಭದ್ರತೆಯ ನಂಬರ್ ಪ್ಲೇಟನ್ನು ಹಾಕಿಸತಕ್ಕದ್ದೆಂದು ಕರ್ನಾಟಕ ಸರ್ಕಾರವು 2023ರ ಆಗಸ್ಟಿನಲ್ಲಿ ಆಜ್ಞೆ ಮಾಡಿತು. ನವೆಂಬರಿನ ಗಡುವು ಫೆಬ್ರವರಿಗೆ ಹೋಯಿತು, ಅಲ್ಲಿಂದಲೂ ಮುಂದಕ್ಕೆ ಹೋಯಿತು. ಗಡುವಿನ ಭಯದಿಂದ ಜನರು ಆತುರಪಟ್ಟು ಹುಡುಕುತ್ತಿದ್ದ ಆ ಕಾಲದಲ್ಲಿ ನಕಲಿ ತಾಣಗಳು ತಲೆಯೆತ್ತಿದವು. ಸಾರಿಗೆ ಇಲಾಖೆಯವರು ತಮ್ಮ ಅಧಿಕೃತ ತಾಣದ ಮೂಲಕವೇ ಹೋಗಿರೆಂದು ಎಚ್ಚರಿಸಬೇಕಾಯಿತು. ಮೋಸಗಾರರಿಗೆ ಬೇಕಾದುದು ಇಂಥ ಆತುರವೇ.

ಬೆಂಗಳೂರಿನವರಿಗೆ ಸೈಟೆಂದರೆ ಮೊದಲು ನೆನಪಾಗುವುದು 30 ಅಡಿ 40 ಅಡಿಯ ನಿವೇಶನ. ಅದನ್ನು ಕೊಳ್ಳುವಾಗ ನಾವು ಬೇಲಿಯ ಮೇಲಿನ ಬೋರ್ಡನ್ನು ನಂಬಿ ಹಣ ಕೊಡುವುದಿಲ್ಲ. ಮೂಲಪತ್ರವನ್ನು ಕೇಳುತ್ತೇವೆ, ಖಾತೆಯನ್ನು ನೋಡುತ್ತೇವೆ, ಋಣಭಾರ ಪತ್ರವನ್ನು ತೆಗೆಸುತ್ತೇವೆ, ನೆರೆಯವರನ್ನು ಮಾತನಾಡಿಸುತ್ತೇವೆ. ವೆಬ್‌ಸೈಟಿಗೂ ಅದೇ ಕ್ರಮವನ್ನು ಅನುಸರಿಸಿದರೆ ಸಾಕು. ಅದಕ್ಕೆ ಐದು ನಿಮಿಷವೂ ಹಿಡಿಯುವುದಿಲ್ಲ. ಮೊದಲು, ಮೇಲಿರುವ ಸಾಲಿನ ಹತ್ತಿರ ‘ಪ್ರಾಯೋಜಿತ’ ಎಂಬ ಸಣ್ಣ ಮಾತು ಇದೆಯೇ ನೋಡತಕ್ಕದ್ದು. ಇದ್ದರೆ ಅದು ಹಣ ಕೊಟ್ಟು ಹಾಕಿಸಿಕೊಂಡ ಎಲೆ, ಯೋಗ್ಯತೆಗೆ ಬಡಿಸಿದ್ದಲ್ಲ. ಆಮೇಲೆ ತಾಣದ ಹೆಸರನ್ನು ಬಾಲದ ಕಡೆಯಿಂದ ಓದತಕ್ಕದ್ದು. ‘ಗವ್.ಇನ್’ ಎಂದು ಮುಗಿಯುವ ಹೆಸರು ಸರ್ಕಾರಕ್ಕೆ ಮಾತ್ರ ಮೀಸಲು. ‘ಗವ್’ ಎಂಬುದನ್ನು ಹೆಸರಿನ ನಡುವೆ ಎಲ್ಲಿಯೋ ಅಡ್ಡಗೆರೆಯೊಡನೆ ಸೇರಿಸಿ, ಕೊನೆಯಲ್ಲಿ ‘ಕಾಂ’ ಎಂದೋ ‘ಆನ್‌ಲೈನ್’ ಎಂದೋ ಮುಗಿಸಿದ್ದರೆ ಅದು ವೇಷ. ಬ್ಯಾಂಕುಗಳ ವಿಷಯದಲ್ಲಿಯೂ ಈಗ ಇಂಥ ಗುರುತೊಂದು ಏರ್ಪಟ್ಟಿದೆ. ಭಾರತದ ಬ್ಯಾಂಕುಗಳೆಲ್ಲವೂ 2025ರ ಅಕ್ಟೋಬರ್ 31ರೊಳಗಾಗಿ ‘ಬ್ಯಾಂಕ್.ಇನ್’ ಎಂದು ಮುಗಿಯುವ ಹೆಸರಿಗೆ ತಮ್ಮ ತಾಣಗಳನ್ನು ವರ್ಗಾಯಿಸತಕ್ಕದ್ದೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಆ ಹೆಸರನ್ನು ಬೇರೆಯವರು ಪಡೆಯುವಂತಿಲ್ಲ.

ಹೆಸರಿನ ಪಕ್ಕದಲ್ಲಿ ಬೀಗದ ಚಿತ್ರವಿತ್ತಲ್ಲ ಎಂದು ಅನೇಕರು ಹೇಳುವುದುಂಟು. ಬೀಗವು ಲಕೋಟೆಯ ಅರಗಿನ ಮುದ್ರೆಯ ಹಾಗೆ: ದಾರಿಯಲ್ಲಿ ಕಾಗದವನ್ನು ಯಾರೂ ಒಡೆದು ಓದಲಿಲ್ಲವೆಂದು ಹೇಳುತ್ತದೆಯೇ ಹೊರತು, ಕಾಗದ ಸೇರಿದವನು ಸಜ್ಜನನೆಂದು ಹೇಳುವುದಿಲ್ಲ. ಕಳ್ಳ ತಾಣಗಳಿಗೂ ಈ ಮುದ್ರೆಯು ಪುಕ್ಕಟೆಯಾಗಿ ದೊರೆಯುತ್ತದೆ. ಜನರು ಇದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆಂದೇ ಕ್ರೋಮ್ ಎಂಬ ವೀಕ್ಷಕ ಯಂತ್ರದವರು 2023ರಲ್ಲಿ ಬೀಗದ ಚಿತ್ರವನ್ನು ತೆಗೆದು ಬೇರೆ ಗುರುತನ್ನು ಇಟ್ಟರು.

ನೆರೆಯವರನ್ನು ವಿಚಾರಿಸುವ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಎಂಬ ಸ್ಟ್ಯಾನ್‌ಫರ್ಡಿನ ಸಂಶೋಧಕರು 2017ರಲ್ಲಿ ಒಂದು ಪರೀಕ್ಷೆಯ ವಿವರವನ್ನು ಪ್ರಕಟಿಸಿದರು. ಇತಿಹಾಸದ ಪಂಡಿತರು 10 ಮಂದಿ, ಪತ್ರಿಕೆಗಳಲ್ಲಿ ಸತ್ಯಾಸತ್ಯಗಳನ್ನು ಪರಿಶೀಲಿಸುವ ಕಸುಬಿನವರು 10 ಮಂದಿ, ವಿದ್ಯಾರ್ಥಿಗಳು 25 ಮಂದಿ – ಇವರಿಗೆ ಕೆಲವು ತಾಣಗಳನ್ನು ತೋರಿಸಿ ಯಾವುದು ನಂಬತಕ್ಕದ್ದೆಂದು ಕೇಳಿದರು. ಪಂಡಿತರೂ ವಿದ್ಯಾರ್ಥಿಗಳೂ ಪುಟದ ಅಂದಚಂದವನ್ನೂ ಗಂಭೀರವಾದ ಹೆಸರನ್ನೂ ನೋಡಿ ಅಲ್ಲಿಯೇ ಓದುತ್ತ ಕುಳಿತು ಅನೇಕ ವೇಳೆ ಮೋಸಹೋದರು. ಪತ್ರಿಕೆಯವರು ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಹೊರಕ್ಕೆ ಬಂದು, ಈ ತಾಣವನ್ನು ಕುರಿತು ಬೇರೆಯವರು ಏನು ಹೇಳುತ್ತಾರೆಂದು ಹುಡುಕಿ, ಕಡಮೆ ಕಾಲದಲ್ಲಿ ಸರಿಯಾದ ನಿರ್ಣಯಕ್ಕೆ ಬಂದರು. ಪೇಜ್ ಮತ್ತು ಬ್ರಿನ್ನರು ಯಂತ್ರಕ್ಕೆ ಕಲಿಸಿದ್ದೂ ಇದನ್ನೇ. ಎದೆನೋವೆಂದು ಹುಡುಕಿದಾಗ ಔಷಧ ಮಾರುವವನ ಪುಟವು ಬಂದರೆ, ಅಲ್ಲಿ ಹೇಳಿರುವುದನ್ನೇ ಜಯನಗರ ಒಂಬತ್ತನೆಯ ಬ್ಲಾಕಿನ ಜಯದೇವ ಹೃದ್ರೋಗ ಸಂಸ್ಥೆಯಂಥವರು ಹೇಳುತ್ತಾರೆಯೇ ಎಂದು ನೋಡಬೇಕು. ಜೆ.ಪಿ. ನಗರದಲ್ಲಿ ಕಟ್ಟುತ್ತಿರುವ ಮನೆಯ ಜಾಹಿರಾತು ಬಂದರೆ, ಅದರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಪ್ರಾಧಿಕಾರದ ತಾಣದಲ್ಲಿ ಹುಡುಕಬೇಕು. ತಾಣದ ಹೆಸರನ್ನು ಎಂದು ನೋಂದಾಯಿಸಲಾಯಿತೆಂಬುದನ್ನು ‘ಹೂಈಸ್’ ಎಂಬ ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದು. ಮೂರು ವಾರದ ಹಿಂದೆ ಹುಟ್ಟಿದ ಹೆಸರು ಮೂವತ್ತು ವರ್ಷದ ಸೇವೆಯನ್ನು ಹೇಳಿಕೊಳ್ಳುತ್ತಿದ್ದರೆ ಮುಂದೆ ಓದಬೇಕಾದ ಅವಶ್ಯಕತೆ ಇಲ್ಲ.

ಹಣವು ಹೋಗಿಯೇ ಹೋಯಿತೆಂದು ಗೊತ್ತಾದ ಕೂಡಲೇ 1930 ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ತಾಣದಲ್ಲಿಯೂ ದೂರನ್ನು ದಾಖಲಿಸಬಹುದು. ಹಣವು ಮುಂದಿನ ಕೈಗೆ ಹೋಗುವ ಮುಂಚೆ ತಡೆಯುವ ಅವಕಾಶವಿರುವುದರಿಂದ ಇಲ್ಲಿ ಗಂಟೆಗಳ ಲೆಕ್ಕವುಂಟು. ನಾಚಿಕೆಯಿಂದ ಮನೆಯವರಿಗೂ ಹೇಳದೆ ನಾಲ್ಕು ದಿನ ಕಳೆಯುವವರೇ ಹೆಚ್ಚು.

ಕೊನೆಯದಾಗಿ ಸೊಸೆಯವರಿಗೆ ಇನ್ನೊಂದು ಸೂಚನೆ. ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೆಂದು ಮಾಡಿಸಿಕೊಟ್ಟವನನ್ನು ಈ ವಾರವೇ ಕೇಳಲಿ. ಅನೇಕ ಸಂದರ್ಭಗಳಲ್ಲಿ ಅದು ಅವನ ಹೆಸರಿನಲ್ಲಿಯೇ ಇರುತ್ತದೆ, ಗುಪ್ತಪದವೂ ಅವನ ಬಳಿಯೇ ಇರುತ್ತದೆ. ಎರಡನ್ನೂ ತಮ್ಮ ವಶಕ್ಕೆ ತೆಗೆದುಕೊಂಡು, ವರ್ಷಾಂತ್ಯದ ನವೀಕರಣದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತುಹಾಕಿ, ಅದರ ಸಣ್ಣ ಶುಲ್ಕವನ್ನು ಆ 25,000 ರೂಪಾಯಿಯಿಂದಲೇ ಕಟ್ಟಲಿ. ಮಿಕ್ಕ ಹಣದಲ್ಲಿ, ಮೋಡದ ದಿನಗಳಿಗೆ ಬೇಕೆಂದು ಅವರೇ ಬರೆದಿರುವ ಸಂಡಿಗೆ ಒಣಗಿಸುವ ಪೆಟ್ಟಿಗೆಯು ಬರುವುದೋ ಏನೋ, ವಿಚಾರಿಸಿ ನೋಡಬಹುದು.